ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ಮೇಧಾವಿ ಮಕ್ಕಳ ಶೋಧ

ಎಲ್ಲ ಮಕ್ಕಳಿಗೂ ಸಮಾನವಾಗಿ ಬಾಗಿಲು ತೆರೆದಿರಬೇಕೆಂಬ ತತ್ತ್ವದ ಮೇಲೆ ನಿಂತ ಶಾಲೆಯೊಂದು, ತನ್ನಲ್ಲಿ ಓದುತ್ತಿರುವ ಮಕ್ಕಳಲ್ಲಿ ಕೆಲವರನ್ನು ಮಾತ್ರ ಮೇಧಾವಿಗಳೆಂದು ಆರಿಸಿ ಅವರಿಗೆ ಬೇರೆ ಬಗೆಯ ಶಿಕ್ಷಣವನ್ನು ಕೊಡುವುದು ನ್ಯಾಯವೇ? ನ್ಯಾಯವೆಂದು ಒಪ್ಪಿದರೂ, ಆರಿಸುವ ಅಧಿಕಾರ ಯಾರದು? ಯಾವ ಅಳತೆಗೋಲಿನಿಂದ ಆರಿಸಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಚರ್ಚೆಗೆ ಒಳಗಾಗಿವೆ. ಆ ಚರ್ಚೆಯ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ತಿಳಿದುಬರುವ ಮುಖ್ಯವಾದ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು. ನಮ್ಮ ದೇಶದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರನ್ನು ಹೊತ್ತಿರುವ ಶಾಲೆಗಳಲ್ಲಿ ಅನೇಕವು ಹೆಚ್ಚಿನ ಶುಲ್ಕವನ್ನು ಪಡೆಯುವ ಖಾಸಗಿ ಶಾಲೆಗಳು. ಅಮೆರಿಕದಲ್ಲಿ ಈ ಹೆಸರು ಜನರ ತೆರಿಗೆಯ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆಗಳಿಗೆ ಸಲ್ಲುತ್ತದೆ. ಇವುಗಳ ಆಡಳಿತ ಬಹುಮಟ್ಟಿಗೆ ಸ್ಥಳೀಯ ಶಾಲಾಮಂಡಲಿಗಳ ಕೈಯಲ್ಲಿದೆ. ಮಂಡಲಿಯ ವ್ಯಾಪ್ತಿಗೆ ಒಳಪಟ್ಟ ಪ್ರದೇಶವನ್ನು ‘ಶಾಲಾಜಿಲ್ಲೆ’ ಎಂದು ಕರೆಯಬಹುದು. ನಾವು ‘ಸಾರ್ವಜನಿಕ ಶಾಲೆ’ ಎಂದು ಹೇಳುವಲ್ಲೆಲ್ಲ ಈ ಶಾಲೆಗಳನ್ನೇ ಉದ್ದೇಶಿಸಿದ್ದೇವೆ.

೧. ಅಳತೆಗೋಲಿನ ಹುಟ್ಟು

ಚುರುಕಾದ ಮಕ್ಕಳಿಗೆ ಬೇರೆ ಏರ್ಪಾಡು ಬೇಕೆಂಬ ಆಲೋಚನೆಯು ಬುದ್ಧಿಪರೀಕ್ಷೆಗಿಂತ ಹಳೆಯದು. ಸೇಂಟ್ ಲೂಯಿ ನಗರದ ಶಾಲೆಗಳ ಮೇಲಧಿಕಾರಿಯಾಗಿದ್ದ ವಿಲಿಯಂ ಟೋರಿ ಹ್ಯಾರಿಸ್ ಎಂಬಾತನು ೧೮೬೮ರ ಸುಮಾರಿನಲ್ಲಿ, ಬೇಗ ಕಲಿಯುವ ಮಕ್ಕಳು ವರ್ಷದ ಕೊನೆಯವರೆಗೆ ಕಾಯದೆ ಮೇಲಿನ ತರಗತಿಗೆ ಹೋಗಲು ಅವಕಾಶ ಕೊಟ್ಟನು. ಇಲ್ಲಿ ಯಾವ ಮಗುವಿಗೂ ವಿಶೇಷವಾದ ಹೆಸರಿರಲಿಲ್ಲ. ಪಾಠವನ್ನು ಕಲಿತು ಮುಗಿಸಿದವನು ಮುಂದಕ್ಕೆ ಹೋಗುತ್ತಿದ್ದನು, ಅಷ್ಟೆ. ಮಗು ಏನನ್ನು ಕಲಿತಿದೆ ಎಂಬುದೇ ಆಗಿನ ಪ್ರಶ್ನೆಯಾಗಿತ್ತು. ಅದರ ಸ್ವಭಾವವೇನು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದೊಡನೆ ಬಂದಿತು.

ಆ ಪ್ರಶ್ನೆಗೆ ಉಪಕರಣವನ್ನು ಒದಗಿಸಿದ್ದು ಫ್ರಾನ್ಸ್. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಅವರು ೧೯೦೫ರಲ್ಲಿ ಪ್ರಶ್ನೆಗಳ ಒಂದು ಶ್ರೇಣಿಯನ್ನು ರಚಿಸಿದರು. ಸಾಮಾನ್ಯ ತರಗತಿಯ ಪಾಠವನ್ನು ಅನುಸರಿಸಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವು ಕೊಡುವುದು ಅದರ ಉದ್ದೇಶವಾಗಿತ್ತೇ ಹೊರತು, ಮೇಧಾವಿಗಳನ್ನು ಆರಿಸುವುದಲ್ಲ. ಬುದ್ಧಿಯು ಬದಲಾಗದ ಒಂದು ಮೊತ್ತವೆಂಬ ವಾದವನ್ನು ಬಿನೆ ಸ್ಪಷ್ಟವಾಗಿಯೇ ವಿರೋಧಿಸಿದ್ದನು. ೧೯೧೨ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್, ಪರೀಕ್ಷೆಯಿಂದ ತಿಳಿದ ಮಾನಸಿಕ ವಯಸ್ಸನ್ನು ಮಗುವಿನ ನಿಜವಾದ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದನು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ೧೯೧೬ರಲ್ಲಿ ಬಿನೆಯ ಪರೀಕ್ಷೆಯನ್ನು ಅಮೆರಿಕದ ಮಕ್ಕಳಿಗೆ ಹೊಂದಿಸಿ ಪ್ರಕಟಿಸಿ, ಆ ಭಾಗಲಬ್ಧವನ್ನು ೧೦೦ರಿಂದ ಗುಣಿಸಿದನು. ಹೀಗೆ ಬಂದ ಅಂಕಿಯೇ ಜನರು ಐ.ಕ್ಯೂ. ಎಂದು ಕರೆಯುವ ಬುದ್ಧಿಲಬ್ಧ. ಹತ್ತು ವರ್ಷದ ಹುಡುಗಿಯೊಬ್ಬಳು ಹದಿನಾಲ್ಕು ವರ್ಷದವರ ಮಟ್ಟದ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅವಳ ಬುದ್ಧಿಲಬ್ಧ ೧೪೦. ಈಗಿನ ಪರೀಕ್ಷೆಗಳು ಈ ಭಾಗಾಕಾರವನ್ನು ಬಿಟ್ಟು, ಸಮಾನ ವಯಸ್ಸಿನವರ ಸರಾಸರಿಯನ್ನು ೧೦೦ ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತವೆ. ಆದರೆ ಹೆಸರು ಮಾತ್ರ ಉಳಿದಿದೆ.

ನೆರವಿಗಾಗಿ ಹುಟ್ಟಿದ ಅಳತೆಗೋಲು ಸಾಗರವನ್ನು ದಾಟಿ ಆಯ್ಕೆಯ ಅಳತೆಗೋಲಾಯಿತು. ಟರ್ಮನನು ಬುದ್ಧಿಯು ಮುಖ್ಯವಾಗಿ ವಂಶದಿಂದ ಬರುವುದೆಂದು ನಂಬಿದ್ದವನು. ಅಮೆರಿಕದ ಮೂಲನಿವಾಸಿಗಳು, ಮೆಕ್ಸಿಕೋ ಮೂಲದವರು ಮತ್ತು ಆಫ್ರಿಕನ್ ಮೂಲದವರ ಮಕ್ಕಳನ್ನು ಪ್ರತ್ಯೇಕ ತರಗತಿಗಳಲ್ಲಿ ಇಡಬೇಕೆಂದು ೧೯೧೬ರ ತನ್ನ ಗ್ರಂಥದಲ್ಲಿ ಬರೆದಿದ್ದನು. ಈ ಸಂಗತಿಯನ್ನು ಮರೆತು ಮುಂದಿನ ಇತಿಹಾಸವನ್ನು ಓದುವುದು ಸರಿಯಲ್ಲ.

೨. ಟರ್ಮನನ ಶೋಧ ಮತ್ತು ಅದರ ಮಿತಿ

೧೯೨೧ರಲ್ಲಿ ಟರ್ಮನನು ಕ್ಯಾಲಿಫೋರ್ನಿಯದ ಶಾಲೆಗಳಿಂದ ಸುಮಾರು ೧,೫೦೦ ಮೇಧಾವಿ ಮಕ್ಕಳನ್ನು ಆರಿಸಿ, ಅವರ ಇಡೀ ಜೀವನವನ್ನು ಅನುಸರಿಸುವ ಮಹತ್ತ್ವದ ಅಧ್ಯಯನವೊಂದನ್ನು ಪ್ರಾರಂಭಿಸಿದನು. ಮೇಧಾವಿಗಳಾದ ಮಕ್ಕಳು ದುರ್ಬಲರು, ರೋಗಿಷ್ಠರು, ಒಂಟಿಗರು ಎಂದು ಜನರಲ್ಲಿ ಬೇರೂರಿದ್ದ ಭಾವನೆಯನ್ನು ಅವನ ಅಧ್ಯಯನವು ಹೋಗಲಾಡಿಸಿತು. ಅದು ಅವನಿಗೆ ಸಲ್ಲಬೇಕಾದ ಕೀರ್ತಿ.

ಆದರೆ ಈ ಮಕ್ಕಳನ್ನು ಆರಿಸಿದ ಬಗೆಯನ್ನು ಗಮನಿಸಬೇಕು. ಶಾಲೆಯ ಎಲ್ಲ ಮಕ್ಕಳನ್ನೂ ಪರೀಕ್ಷಿಸಲು ಹಣವಾಗಲಿ ಕಾಲವಾಗಲಿ ಇರಲಿಲ್ಲ. ಆದ್ದರಿಂದ ತರಗತಿಯಲ್ಲಿ ಅತ್ಯಂತ ಬುದ್ಧಿವಂತರು ಯಾರೆಂದು ಉಪಾಧ್ಯಾಯರನ್ನು ಕೇಳಲಾಯಿತು. ಜೊತೆಗೆ ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗು ಯಾವುದೆಂದೂ ಕೇಳಲಾಯಿತು. ಹೀಗೆ ಹೆಸರಿಸಲ್ಪಟ್ಟವರಿಗೆ ಮಾತ್ರ ಮುಂದಿನ ಪರೀಕ್ಷೆ. ಉಪಾಧ್ಯಾಯರ ಬಾಯಲ್ಲಿ ಹೆಸರು ಬಾರದ ಮಗುವಿಗೆ ಪರೀಕ್ಷೆಯೇ ಇಲ್ಲ. ಕೊನೆಗೆ ಆಯ್ಕೆಯಾದವರಲ್ಲಿ ಬಹುಮಂದಿ ನಗರವಾಸಿಗಳಾದ, ಅನುಕೂಲಸ್ಥರಾದ ಬಿಳಿಯ ಕುಟುಂಬಗಳ ಮಕ್ಕಳೇ ಆಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯ ಹಂತಕ್ಕೆ ಬಂದು ಅಲ್ಲಿಯೂ ಅಂಕ ಸಾಲದೆ ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವರೆಜ್ ಎಂಬ ಇಬ್ಬರಿದ್ದರು. ಮುಂದೆ ೧೯೫೬ರಲ್ಲಿ ಶಾಕ್ಲಿಗೂ ೧೯೬೮ರಲ್ಲಿ ಆಲ್ವರೆಜ್‌ಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ಅಳತೆಗೋಲು ಒಂದೇ ಆದರೂ ಹುಡುಕುವ ಸ್ಥಳ ಬೇರೆಯಾದರೆ ದೊರೆಯುವ ಫಲವೂ ಬೇರೆಯಾಗುತ್ತದೆ ಎಂಬುದಕ್ಕೆ ೧೯೩೦ರ ದಶಕದಲ್ಲೇ ನಿದರ್ಶನ ಸಿಕ್ಕಿತು. ಮಾರ್ಟಿನ್ ಜೆಂಕಿನ್ಸ್ ಎಂಬ ಆಫ್ರಿಕನ್ ಮೂಲದ ವಿದ್ವಾಂಸನು ಶಿಕಾಗೋ ನಗರದಲ್ಲಿ ತನ್ನ ಜನಾಂಗದ ಮಕ್ಕಳು ಓದುವ ಶಾಲೆಗಳಿಗೆ ಹೋಗಿ ಶೋಧ ನಡೆಸಿದನು. ಉನ್ನತ ಬುದ್ಧಿಲಬ್ಧವುಳ್ಳ ಅನೇಕ ಮಕ್ಕಳು ಅಲ್ಲಿ ಕಂಡುಬಂದರು. ಅವರಲ್ಲೊಬ್ಬಳ ಬುದ್ಧಿಲಬ್ಧವು ೨೦೦ ಎಂದು ಪಾಲ್ ವಿಟ್ಟಿ ಎಂಬ ಪ್ರಾಧ್ಯಾಪಕನೊಡನೆ ಕೂಡಿ ೧೯೩೫ರಲ್ಲಿ ಅವನು ಪ್ರಕಟಿಸಿದನು. ಟರ್ಮನನ ಪರಂಪರೆಯ ಪರೀಕ್ಷೆಯೇ ಟರ್ಮನನ ಜನಾಂಗವಾದವನ್ನು ಸಡಿಲಗೊಳಿಸಿತು. ಜೆಂಕಿನ್ಸ್ ಮಾಡಿದ್ದು ಇಷ್ಟೆ: ಬೇರೆಯವರು ಹುಡುಕದೆ ಬಿಟ್ಟ ಕಡೆ ಹುಡುಕಿದನು.

೩. ತರಗತಿಯೊಳಗಿನ ಪ್ರಯೋಗಗಳು

ಆರಿಸಿದ ಮೇಲೆ ಏನನ್ನು ಕಲಿಸಬೇಕು ಎಂಬುದನ್ನು ಟರ್ಮನನಿಗಿಂತ ಹೆಚ್ಚಾಗಿ ಯೋಚಿಸಿದವರು ಲೀಟಾ ಹಾಲಿಂಗ್‌ವರ್ತ್. ಕೊಲಂಬಿಯ ವಿಶ್ವವಿದ್ಯಾನಿಲಯದ ಉಪಾಧ್ಯಾಯರ ಕಾಲೇಜಿನಲ್ಲಿದ್ದ ಈ ವಿದುಷಿ ೧೯೨೨ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಶಾಲೆಯೊಂದರಲ್ಲಿಯೂ, ೧೯೩೬ರಿಂದ ಸ್ಪೈಯರ್ ಶಾಲೆಯಲ್ಲಿಯೂ ಇಂತಹ ಮಕ್ಕಳಿಗಾಗಿ ಪ್ರಾಯೋಗಿಕ ತರಗತಿಗಳನ್ನು ನಡೆಸಿದರು. ಬುದ್ಧಿಲಬ್ಧ ೧೪೦ರಷ್ಟಿರುವ ಮಗುವು ಸಾಮಾನ್ಯ ತರಗತಿಯಲ್ಲಿ ತನ್ನ ಕಾಲದ ಅರ್ಧವನ್ನು ವ್ಯರ್ಥವಾಗಿ ಕಳೆಯುವುದೆಂಬುದು ಅವರ ಅಭಿಪ್ರಾಯ. ಸ್ಪೈಯರ್ ಶಾಲೆಯಲ್ಲಿ ಮಕ್ಕಳು ನಿಗದಿಯಾದ ಪಾಠಗಳನ್ನು ಸ್ವಲ್ಪ ಕಾಲದಲ್ಲೇ ಮುಗಿಸಿ, ಉಳಿದ ಕಾಲದಲ್ಲಿ ನಿತ್ಯಜೀವನದ ವಸ್ತುಗಳ ವಿಕಾಸವನ್ನು, ಎಂದರೆ ಆಹಾರ, ಉಡುಪು, ವಸತಿ, ಸಾರಿಗೆ ಮೊದಲಾದವು ಹೇಗೆ ಬೆಳೆದುಬಂದವೆಂಬುದನ್ನು, ತಾವೇ ಪುಸ್ತಕಗಳಲ್ಲಿ ಹುಡುಕಿ, ಚರ್ಚಿಸಿ ತಿಳಿಯುತ್ತಿದ್ದರು. ಮೇಲಿನ ತರಗತಿಯ ಪಾಠವನ್ನು ಮುಂಚಿತವಾಗಿ ಕಲಿಸಿಬಿಡುವುದಲ್ಲ, ಇರುವ ಪಾಠವನ್ನು ವಿಸ್ತರಿಸಿ ಆಳಗೊಳಿಸುವುದು ಅವರ ಕ್ರಮವಾಗಿತ್ತು.

ಅಂದಿನಿಂದ ಇಂದಿನವರೆಗೆ ಅಮೆರಿಕದ ಶಾಲೆಗಳಲ್ಲಿ ಎರಡು ಮಾರ್ಗಗಳು ಜೊತೆಜೊತೆಯಾಗಿ ಸಾಗಿವೆ. ಒಂದು ವೇಗವರ್ಧನೆ: ತರಗತಿಯನ್ನು ದಾಟಿಸುವುದು, ಒಂದು ವಿಷಯದಲ್ಲಿ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸುವುದು, ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಮಟ್ಟದ ಪಾಠವನ್ನು ಓದಿಸುವುದು. ೧೯೫೦ರ ದಶಕದ ಮಧ್ಯದಲ್ಲಿ ಪ್ರಾರಂಭವಾದ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ವ್ಯವಸ್ಥೆಯು ಈ ಕೊನೆಯ ಬಗೆಗೆ ಸೇರಿದ್ದು. ಇನ್ನೊಂದು ಪಾಠವಿಸ್ತರಣ: ವಾರದಲ್ಲಿ ಕೆಲವು ಗಂಟೆಗಳ ಕಾಲ ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ದು ಕಲಿಸುವುದು, ಸಾಮಾನ್ಯ ತರಗತಿಯಲ್ಲೇ ಅವರ ಒಂದು ಗುಂಪನ್ನು ಮಾಡುವುದು, ಅಥವಾ ಅವರಿಗೆ ಪೂರ್ಣಾವಧಿಯ ಪ್ರತ್ಯೇಕ ತರಗತಿಯನ್ನು ನಡೆಸುವುದು. ಇವೆರಡಕ್ಕೂ ಮಿಗಿಲಾಗಿ, ಪ್ರವೇಶ ಪರೀಕ್ಷೆಯಿಂದಲೇ ವಿದ್ಯಾರ್ಥಿಗಳನ್ನು ಆರಿಸುವ ಪ್ರತ್ಯೇಕ ಹೈಸ್ಕೂಲುಗಳೂ ಕೆಲವು ನಗರಗಳಲ್ಲಿವೆ. ೧೯೩೮ರಲ್ಲಿ ಸ್ಥಾಪಿತವಾದ ನ್ಯೂಯಾರ್ಕಿನ ಬ್ರಾಂಕ್ಸ್ ವಿಜ್ಞಾನ ಹೈಸ್ಕೂಲು ಅವುಗಳಲ್ಲಿ ಪ್ರಸಿದ್ಧವಾದುದು.

೪. ರಾಷ್ಟ್ರದ ಅಗತ್ಯ ಮತ್ತು ಸಮಾನತೆಯ ಪ್ರಶ್ನೆ

೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ, ಮೇಧಾವಿಗಳ ಶಿಕ್ಷಣವು ಅಮೆರಿಕದಲ್ಲಿ ರಕ್ಷಣೆಯ ವಿಷಯವಾಯಿತು. ಮರುವರ್ಷ ಅಂಗೀಕೃತವಾದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಶಾಸನವು ವಿಜ್ಞಾನ, ಗಣಿತ, ವಿದೇಶೀ ಭಾಷೆಗಳ ಬೋಧನೆಗೆ ಹಣ ಕೊಟ್ಟಿದ್ದಲ್ಲದೆ, ಸಮರ್ಥರಾದ ವಿದ್ಯಾರ್ಥಿಗಳನ್ನು ಪರೀಕ್ಷೆಗಳ ಮೂಲಕ ಗುರುತಿಸುವುದಕ್ಕೂ ಅವರಿಗೆ ಮಾರ್ಗದರ್ಶನ ನೀಡುವುದಕ್ಕೂ ನೆರವಿತ್ತಿತು.

ಇದೇ ಕಾಲದಲ್ಲಿ ಇನ್ನೊಂದು ಪ್ರವಾಹವೂ ಹರಿಯುತ್ತಿತ್ತು. ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ೧೯೫೪ರಲ್ಲಿ ತೀರ್ಪಿತ್ತಿತ್ತು. ಆದರೆ ಒಂದೇ ಶಾಲೆಯೊಳಗೆ ‘ಸಮರ್ಥರು’, ‘ಅಸಮರ್ಥರು’ ಎಂದು ವಿಂಗಡಿಸಿದರೆ ಹಳೆಯ ಗೋಡೆಯೇ ಹೊಸ ಹೆಸರಿನಿಂದ ಏಳುವುದಿಲ್ಲವೇ? ರಾಜಧಾನಿ ವಾಷಿಂಗ್ಟನ್ನಿನ ಶಾಲೆಗಳಲ್ಲಿ ೧೯೫೬ರಿಂದ ಇಂತಹ ವಿಂಗಡಣೆ ನಡೆದಿತ್ತು. ೧೯೬೭ರಲ್ಲಿ ಹಾಬ್ಸನ್ ಮತ್ತು ಹ್ಯಾನ್ಸನ್ ನಡುವಣ ಮೊಕದ್ದಮೆಯಲ್ಲಿ ನ್ಯಾಯಾಧೀಶ ಸ್ಕೆಲಿ ರೈಟ್ ಅದನ್ನು ರದ್ದುಪಡಿಸಿದನು. ಮಕ್ಕಳನ್ನು ವಿಂಗಡಿಸಲು ಬಳಸಿದ ಪರೀಕ್ಷೆಗಳು ಮಧ್ಯಮವರ್ಗದ ಬಿಳಿಯ ಮಕ್ಕಳಿಗೆ ಹೊಂದಿಕೊಂಡಿದ್ದು, ಬಡವರಾದ ಆಫ್ರಿಕನ್ ಮೂಲದ ಮಕ್ಕಳ ಸಾಮರ್ಥ್ಯವನ್ನು ಸರಿಯಾಗಿ ಅಳೆಯಲಾರವೆಂಬುದು ಆ ತೀರ್ಪಿನ ಒಂದು ಮುಖ್ಯ ಕಾರಣ.

೧೯೭೨ರಲ್ಲಿ ಶಿಕ್ಷಣ ಆಯುಕ್ತ ಸಿಡ್ನಿ ಮಾರ್ಲಂಡ್ ಕಾಂಗ್ರೆಸ್ಸಿಗೆ ಒಪ್ಪಿಸಿದ ವರದಿಯು ಮೇಧಾವಿತನದ ವ್ಯಾಖ್ಯೆಯನ್ನು ವಿಶಾಲಗೊಳಿಸಿತು. ಸಾಮಾನ್ಯ ಬುದ್ಧಿಶಕ್ತಿ, ನಿರ್ದಿಷ್ಟ ವಿಷಯದಲ್ಲಿ ಪ್ರೌಢಿಮೆ, ಸೃಜನಶಕ್ತಿ, ನಾಯಕತ್ವ, ಕಲಾಕೌಶಲ, ದೈಹಿಕ ಚಲನೆಯ ನೈಪುಣ್ಯ ಎಂಬ ಆರು ಕ್ಷೇತ್ರಗಳನ್ನು ಅದು ಹೆಸರಿಸಿತು. ಶಾಲೆಯ ಮಕ್ಕಳಲ್ಲಿ ಕನಿಷ್ಠ ಪಕ್ಷ ೩ರಿಂದ ೫ ಪ್ರತಿಶತ ಇಂತಹವರಿರುವರೆಂದು ಅಂದಾಜು ಮಾಡಿತು. ೧೯೮೮ರ ಜಾವಿಟ್ಸ್ ಶಾಸನವು ಬಡತನ ಮೊದಲಾದ ಕಾರಣಗಳಿಂದ ಹಿಂದುಳಿದ ಮೇಧಾವಿಗಳ ಶೋಧಕ್ಕೆ ಧನಸಹಾಯವನ್ನು ಏರ್ಪಡಿಸಿತು. ಆದರೆ ಅಂಗವಿಕಲ ಮಕ್ಕಳಿಗೆ ೧೯೭೫ರ ಶಾಸನವು ನೀಡಿದಂತಹ ಹಕ್ಕನ್ನು ಮೇಧಾವಿ ಮಕ್ಕಳಿಗೆ ಒಕ್ಕೂಟದ ಯಾವ ಶಾಸನವೂ ಇಂದಿಗೂ ನೀಡಿಲ್ಲ. ಗುರುತಿಸಬೇಕೆ, ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಕೊಡಬೇಕು ಎಂಬುದೆಲ್ಲವೂ ಆಯಾ ರಾಜ್ಯ ಮತ್ತು ಶಾಲಾಜಿಲ್ಲೆಗಳ ತೀರ್ಮಾನ.

೫. ಹೆಸರಿಸುವವರು ಯಾರು?

ಹಲವು ಶಾಲಾಜಿಲ್ಲೆಗಳಲ್ಲಿ ಆಯ್ಕೆಯು ನಡೆಯುವ ಕ್ರಮ ಹೀಗಿದೆ. ಮೊದಲು ಉಪಾಧ್ಯಾಯರೋ ತಂದೆತಾಯಿಗಳೋ ಮಗುವಿನ ಹೆಸರನ್ನು ಸೂಚಿಸಬೇಕು. ಬಳಿಕ ಆ ಮಗುವಿಗೆ ಪರೀಕ್ಷೆಯಾಗುತ್ತದೆ. ಕೆಲವೆಡೆ ಮನಶ್ಶಾಸ್ತ್ರಜ್ಞರೊಬ್ಬರು ಮಗುವನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿಪರೀಕ್ಷೆ ನಡೆಸುತ್ತಾರೆ. ಕೊನೆಗೆ ಅಂಕಗಳನ್ನೂ ಇತರ ಆಧಾರಗಳನ್ನೂ ನೋಡಿ ನಿರ್ಣಯವಾಗುತ್ತದೆ. ವಾದವಿವಾದಗಳೆಲ್ಲ ಸಾಮಾನ್ಯವಾಗಿ ಎರಡನೆಯ ಹಂತದ ಸುತ್ತ, ಎಂದರೆ ಪರೀಕ್ಷೆ ಯಾವುದು, ಗಡಿಯಂಕ ಎಷ್ಟು ಎಂಬುದರ ಸುತ್ತ ನಡೆಯುತ್ತವೆ. ಆದರೆ ಮೊದಲನೆಯ ಹಂತವೇ ಹೆಚ್ಚು ನಿರ್ಣಾಯಕವಾದುದೆಂಬುದನ್ನು ಫ್ಲಾರಿಡ ರಾಜ್ಯದ ಬ್ರೋವರ್ಡ್ ಜಿಲ್ಲೆಯ ಇತಿಹಾಸವು ತೋರಿಸುತ್ತದೆ.

ದೇಶದ ಅತಿ ದೊಡ್ಡ ಶಾಲಾಜಿಲ್ಲೆಗಳಲ್ಲಿ ಒಂದಾದ ಬ್ರೋವರ್ಡಿನಲ್ಲಿ ೨೦೦೫ರವರೆಗೆ ಮೇಲೆ ಹೇಳಿದ ಕ್ರಮವೇ ಇತ್ತು. ಆ ವರ್ಷ ಅಲ್ಲಿನ ಅಧಿಕಾರಿಗಳು ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ, ಯಾರ ಸೂಚನೆಯನ್ನೂ ಕಾಯದೆ, ಚಿತ್ರ ಮತ್ತು ಆಕೃತಿಗಳಿಂದ ಕೂಡಿದ ಚಿಕ್ಕ ಪರೀಕ್ಷೆಯೊಂದನ್ನು ನಡೆಸಲು ಪ್ರಾರಂಭಿಸಿದರು. ಭಾಷಾಜ್ಞಾನವನ್ನು ಹೆಚ್ಚಾಗಿ ಅಪೇಕ್ಷಿಸದ ಈ ಪರೀಕ್ಷೆಯಲ್ಲಿ ನಿಗದಿಯಾದ ಅಂಕವನ್ನು ಪಡೆದವರನ್ನು ಮನಶ್ಶಾಸ್ತ್ರಜ್ಞರ ಪೂರ್ಣ ಪರೀಕ್ಷೆಗೆ ಕಳುಹಿಸಲಾಯಿತು. ಮೇಧಾವಿಯೆಂದು ಘೋಷಿಸುವ ಗಡಿಯಂಕವನ್ನು ಬದಲಾಯಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಇದರ ಫಲವನ್ನು ಪರಿಶೀಲಿಸಿದರು. ಮೇಧಾವಿಗಳೆಂದು ಗುರುತಿಸಲ್ಪಟ್ಟವರ ಪ್ರಮಾಣವು ಹಿಂದುಳಿದ ಮಕ್ಕಳಲ್ಲಿ ಒಟ್ಟಾರೆ ೧೮೦ ಪ್ರತಿಶತ, ಸ್ಪ್ಯಾನಿಷ್ ಭಾಷಾಮೂಲದವರಲ್ಲಿ ೧೩೦ ಪ್ರತಿಶತ, ಆಫ್ರಿಕನ್ ಮೂಲದವರಲ್ಲಿ ೮೦ ಪ್ರತಿಶತ ಹೆಚ್ಚಿತೆಂದು ಅವರು ಕಂಡುಕೊಂಡರು. ಈ ಮಕ್ಕಳು ಹೊಸದಾಗಿ ಬುದ್ಧಿವಂತರಾದವರಲ್ಲ. ಹಿಂದಿನ ವರ್ಷಗಳಲ್ಲಿಯೂ ಇಂತಹವರು ಅದೇ ಬೆಂಚುಗಳ ಮೇಲೆ ಕುಳಿತಿದ್ದರು. ಅವರ ಹೆಸರನ್ನು ಯಾರೂ ಹೇಳಿರಲಿಲ್ಲ.

ಇದಕ್ಕೆ ಉಪಾಧ್ಯಾಯರ ದುರುದ್ದೇಶವೇ ಕಾರಣವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಮನೆಯಲ್ಲಿ ಇಂಗ್ಲಿಷನ್ನು ಆಡದ ಮಗು ತರಗತಿಯಲ್ಲಿ ಮೌನವಾಗಿರುತ್ತದೆ. ಮೌನವನ್ನು ಮಂದಬುದ್ಧಿಯೆಂದು ಎಣಿಸುವುದು ಸುಲಭ. ವಿದ್ಯಾವಂತರಾದ ತಂದೆತಾಯಿಗಳು ತಾವಾಗಿಯೇ ಶಾಲೆಗೆ ಹೋಗಿ ಕೇಳುತ್ತಾರೆ; ಎರಡು ಪಾಳಿಯಲ್ಲಿ ದುಡಿಯುವ ತಾಯಿಗೆ ಇಂತಹ ತರಗತಿಯೊಂದು ಇದೆಯೆಂಬುದೇ ತಿಳಿದಿರುವುದಿಲ್ಲ. ಜೇಸನ್ ಗ್ರಿಸಮ್ ಮತ್ತು ಕ್ರಿಸ್ಟಫರ್ ರೆಡಿಂಗ್ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರೀಕ್ಷೆಗಳಲ್ಲಿ ಸಮಾನ ಅಂಕಗಳನ್ನು ಪಡೆದಾಗಲೂ ಆಫ್ರಿಕನ್ ಮೂಲದ ಮಕ್ಕಳು ಬಿಳಿಯ ಮಕ್ಕಳಿಗಿಂತ ಕಡಮೆ ಪ್ರಮಾಣದಲ್ಲಿ ಈ ತರಗತಿಗಳಿಗೆ ಸೇರುತ್ತಾರೆ. ಅವರದೇ ಜನಾಂಗದ ಉಪಾಧ್ಯಾಯರಿದ್ದಲ್ಲಿ ಆ ಪ್ರಮಾಣ ಏರುತ್ತದೆ. ಬೆಳೆಯುವ ಪೈರು ಮೊಳಕೆಯಲ್ಲೇ ಎಂದು ನಮ್ಮ ಗಾದೆ ಹೇಳುತ್ತದೆ. ಆದರೆ ಮೊಳಕೆಯನ್ನು ಕಾಣಬೇಕಾದರೆ ಯಾರಾದರೂ ಬಗ್ಗಿ ನೋಡಬೇಕಷ್ಟೆ.

ಹಾಗಾದರೆ ಪರೀಕ್ಷೆಯೊಂದನ್ನು ಇಟ್ಟುಬಿಟ್ಟರೆ ಸಾಕೆ? ಸಾಲದೆಂದು ನ್ಯೂಯಾರ್ಕ್ ನಗರದ ಅನುಭವ ತಿಳಿಸುತ್ತದೆ. ಅಲ್ಲಿ ೨೦೦೮ರಲ್ಲಿ, ನ್ಯಾಯದ ದೃಷ್ಟಿಯಿಂದಲೇ, ಪುಟ್ಟ ಮಕ್ಕಳ ಆಯ್ಕೆಗೆ ಇಡೀ ನಗರಕ್ಕೆ ಒಂದೇ ಪರೀಕ್ಷೆ ಮತ್ತು ಒಂದೇ ಗಡಿಯಂಕವನ್ನು ಗೊತ್ತುಮಾಡಲಾಯಿತು. ಆದರೆ ಪರೀಕ್ಷೆಗೆ ಮಗುವಿನ ಹೆಸರನ್ನು ತಂದೆತಾಯಿಗಳೇ ನೋಂದಾಯಿಸಬೇಕಾಗಿತ್ತು. ಮಕ್ಕಳ ವಯಸ್ಸೋ ನಾಲ್ಕು ವರ್ಷದ ಸುಮಾರು. ತಿಳಿದವರು ಮಕ್ಕಳನ್ನು ಸಿದ್ಧಪಡಿಸಿ ಕರೆತಂದರು. ಬಡ ಪ್ರದೇಶಗಳ ಮಕ್ಕಳ ಪಾಲು ಹೆಚ್ಚುವುದಕ್ಕೆ ಬದಲಾಗಿ ಕುಗ್ಗಿತು. ೨೦೨೧ರಲ್ಲಿ ಆ ಪರೀಕ್ಷೆಯನ್ನು ಕೈಬಿಡಲಾಯಿತು. ಬ್ರೋವರ್ಡಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಇದ್ದದ್ದು ಪರೀಕ್ಷೆಯೇ. ಒಂದು ಕಡೆ ಅದು ಮಗುವಿನ ಬಳಿಗೆ ಹೋಯಿತು, ಇನ್ನೊಂದು ಕಡೆ ಮಗು ಅದರ ಬಳಿಗೆ ಬರಬೇಕಾಯಿತು. ಫಲಗಳ ವ್ಯತ್ಯಾಸಕ್ಕೆ ಇದೇ ಮುಖ್ಯವಾದ ಕಾರಣವೆಂದು ನಾವು ಭಾವಿಸುತ್ತೇವೆ.

೬. ಸೇವೆಯ ಫಲ

ಆರಿಸಿದ ಮೇಲೆ ದೊರೆಯುವ ಶಿಕ್ಷಣದಿಂದ ಯಾರಿಗೆ ಪ್ರಯೋಜನವಾಯಿತು ಎಂಬುದನ್ನೂ ಕಾರ್ಡ್ ಮತ್ತು ಜೂಲಿಯಾನೊ ವಿಚಾರಿಸಿದ್ದಾರೆ. ಬ್ರೋವರ್ಡಿನಲ್ಲಿ ಒಂದು ತರಗತಿಯ ಮಟ್ಟದಲ್ಲಿ ಒಬ್ಬನೇ ಮೇಧಾವಿ ವಿದ್ಯಾರ್ಥಿಯಿದ್ದರೂ ಪ್ರತ್ಯೇಕ ತರಗತಿಯನ್ನು ತೆರೆಯಬೇಕೆಂಬ ನಿಯಮವಿತ್ತು. ಉಳಿದ ಸ್ಥಾನಗಳನ್ನು, ಬುದ್ಧಿಲಬ್ಧವನ್ನು ನೋಡದೆ, ಹಿಂದಿನ ವರ್ಷದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಂದ ತುಂಬಲಾಗುತ್ತಿತ್ತು. ಬುದ್ಧಿಲಬ್ಧದ ಗಡಿಯನ್ನು ಸ್ವಲ್ಪದರಲ್ಲಿ ದಾಟಿ ಬಂದವರ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಆದರೆ ವ್ಯಾಸಂಗದ ಬಲದಿಂದ ಒಳಗೆ ಬಂದ ಮಕ್ಕಳು, ಅವರಲ್ಲಿಯೂ ಮುಖ್ಯವಾಗಿ ಆಫ್ರಿಕನ್ ಮತ್ತು ಸ್ಪ್ಯಾನಿಷ್ ಮೂಲದವರು, ಗಣಿತ ಮತ್ತು ವಾಚನಗಳಲ್ಲಿ ಗಮನಾರ್ಹವಾಗಿ ಮುಂದುವರಿದರು. ಸಾಮಾನ್ಯ ತರಗತಿಯಲ್ಲಿ ಉಳಿದವರಿಗೆ ಇದರಿಂದ ಹಾನಿಯಾದದ್ದೂ ಕಂಡುಬರಲಿಲ್ಲ. ಹ್ಯಾರಿಸನು ಸೇಂಟ್ ಲೂಯಿಯಲ್ಲಿ ಕೇಳಿದ ಸರಳ ಪ್ರಶ್ನೆ, ಮಗು ಏನನ್ನು ಕಲಿತಿದೆ, ಮುಂದೆ ಏನನ್ನು ಕಲಿಯಬಲ್ಲದು ಎಂಬುದು, ಒಂದೂವರೆ ಶತಮಾನದ ಬಳಿಕ ಮತ್ತೆ ತನ್ನ ಬೆಲೆಯನ್ನು ತೋರಿಸಿಕೊಂಡಿದೆ.

ಈ ಪ್ರಯೋಗದ ಅಂತ್ಯವನ್ನೂ ಹೇಳಬೇಕು. ಎಲ್ಲ ಮಕ್ಕಳ ಪರೀಕ್ಷೆಯಿಂದ ಮನಶ್ಶಾಸ್ತ್ರಜ್ಞರ ಕೆಲಸ ಹೆಚ್ಚಿತು, ಅದರೊಡನೆ ವೆಚ್ಚವೂ ಹೆಚ್ಚಿತು. ಆರ್ಥಿಕ ಮುಗ್ಗಟ್ಟಿನ ಕಾಲ ಬಂದಾಗ, ೨೦೧೦ರ ಸುಮಾರಿಗೆ, ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ಹಿಂದುಳಿದ ಮಕ್ಕಳ ಪ್ರಮಾಣ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಕಂಡುಕೊಂಡ ಸತ್ಯವು ಸುಳ್ಳಾಗಲಿಲ್ಲ. ಅದನ್ನು ಕಾಣಲು ಬೇಕಾದ ಹಣ ನಿಂತಿತು. ಆ ಮುಂದಿನ ವರ್ಷಗಳಲ್ಲಿ ಎರಡನೆಯ ತರಗತಿಗೆ ಬಂದ ಎಷ್ಟೋ ಮಕ್ಕಳು ತಮ್ಮಲ್ಲಿರುವ ಶಕ್ತಿಯನ್ನು ಯಾರೂ ಅರಿಯದಂತೆಯೇ ಮೂರನೆಯ ತರಗತಿಗೆ ಹೋಗಿರಬೇಕು.

ಈ ವಿಚಾರವು ನಮಗೆ ದೂರದ್ದಲ್ಲ. ಗ್ರಾಮೀಣ ಪ್ರತಿಭೆಯ ಪೋಷಣೆಗಾಗಿ ಭಾರತ ಸರ್ಕಾರವು ೧೯೮೫-೮೬ರಲ್ಲಿ ಪ್ರಾರಂಭಿಸಿದ ನವೋದಯ ವಿದ್ಯಾಲಯಗಳು ಐದನೆಯ ತರಗತಿಯ ಮಕ್ಕಳನ್ನು ಪರೀಕ್ಷೆಯಿಂದ ಆರಿಸುತ್ತವೆ. ಕನಿಷ್ಠ ೭೫ ಪ್ರತಿಶತ ಸ್ಥಾನಗಳು ಗ್ರಾಮಾಂತರದವರಿಗೂ ಮೂರನೆಯ ಒಂದು ಭಾಗ ಹುಡುಗಿಯರಿಗೂ ಮೀಸಲು. ಕನ್ನಡದಲ್ಲಿಯೂ ಪರೀಕ್ಷೆಯನ್ನು ಬರೆಯಬಹುದು. ಪ್ರಶ್ನೆಗಳಲ್ಲಿ ಅರ್ಧದಷ್ಟು ಭಾಷೆಯನ್ನು ಅವಲಂಬಿಸದ ಆಕೃತಿಗಳ ಪ್ರಶ್ನೆಗಳು. ಅಮೆರಿಕವು ಬಹಳ ತಡವಾಗಿ ಕಂಡುಕೊಂಡ ಹಲವು ಎಚ್ಚರಿಕೆಗಳು ಇಲ್ಲಿ ಮೊದಲಿನಿಂದಲೇ ಇವೆ. ಆದರೂ ಅರ್ಜಿಯನ್ನು ಮನೆಯವರು ಸಲ್ಲಿಸಬೇಕು. ಸಲ್ಲಿಸಬಹುದೆಂಬುದನ್ನು ಯಾರಾದರೂ ಅವರಿಗೆ ತಿಳಿಸಬೇಕು. ಊರಿನ ಶಾಲೆಯ ಉಪಾಧ್ಯಾಯರು ಆ ಮಾತನ್ನು ಹೇಳಿದರೆ ಮಗು ಪರೀಕ್ಷೆಯವರೆಗೆ ಬರುತ್ತದೆ, ಹೇಳದಿದ್ದರೆ ಇಲ್ಲ.

ಇಲ್ಲಿಯವರೆಗೆ ವಿವರಿಸಿದ ಇತಿಹಾಸದಿಂದ ನಾವು ತಲಪುವ ನಿರ್ಣಯ ಇದು. ಮೇಧಾವಿ ಮಕ್ಕಳ ವಿಚಾರದಲ್ಲಿ ಗಡಿಯಂಕವನ್ನು ಕುರಿತ ವಾದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಪರೀಕ್ಷೆಯ ಕೋಣೆಯವರೆಗೆ ಬಂದವರು ಯಾರು, ಬಾರದೆ ಉಳಿದವರು ಯಾರು? ಅಮೆರಿಕದ ಶಾಲೆಗಳು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ಹೊಸ ಮಕ್ಕಳನ್ನು ಕಂಡಿವೆ, ಕೇಳುವುದನ್ನು ಬಿಟ್ಟಾಗಲೆಲ್ಲ ಅವರನ್ನು ಕಳೆದುಕೊಂಡಿವೆ. ಮುಂದೆ ಉಪಾಧ್ಯಾಯರಾಗಲಿರುವ ನಮ್ಮ ವಿದ್ಯಾರ್ಥಿಗಳು ತಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಮಗುವನ್ನು ನೋಡುವಾಗ ಇದನ್ನು ನೆನೆಯುವುದಾದರೆ ಪ್ರಕೃತ ಲೇಖನದ ಉದ್ದೇಶ ಸಫಲವಾದಂತೆ.